ಮನೆಯೊಳಗಿನ ಕಡಲು ಮತ್ತು ಹಾವಸೆ

ನಿಂತ ನೀರು, ಬೆಳಕು, ಕೊಳೆ ಈ ಮೂರೂ ಕೂಡಿದಲ್ಲಿ ಹಾವಸೆ ಹುಟ್ಟುವುದು ಸೃಷ್ಟಿಯ ನಿಯಮ. ಪಾಚಿಯೆಂದೂ ಕರೆಯಲಾಗುವ ಇದನ್ನು ಕೆರೆಯ ಮೆಟ್ಟಿಲುಗಳ ಮೇಲೆ, ಬಾವಿಯ ಕಟ್ಟೆಯ ಮೇಲೆ, ಹಿತ್ತಲಿನ ಕಲ್ಲುದೋಣಿಯಲ್ಲಿ ಕಾಣದ ಮನೆತನ ನಮ್ಮ ನಾಡಿನಲ್ಲಿ ಇರಲಾರದು. ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನ ತಂಬೂರ ಗ್ರಾಮವಂತೂ ಕೆರೆಯ ಊರು. ಬಯಲುಸೀಮೆ ಮುಗಿದು ಮಲೆನಾಡು ಮೊದಲಾಗುವ ಅಂಚಿನ ಊರು. ಪ್ರಾಚೀನವಾದ ಬಸವಣ್ಣನ ಗುಡಿಯಿಂದ ಹೆಸರಾದ ಈ ಊರಿಗೆ ಹಾವಸೆಯ ವಿಚಾರ ಹೊಸದೇನಲ್ಲ. ಆದರೆ ಸಮುದ್ರದಿಂದ ಸುಮಾರು ನೂರು ಕಿಲೋಮೀಟರ್ ದೂರದ ನಮ್ಮ ಮನೆಯ ಪಡಸಾಲೆಯಲ್ಲಿ, ಉಪ್ಪುನೀರಿನಲ್ಲಿ ಹುಟ್ಟಿದ ಹಾವಸೆಯೊಡನೆ ತಿಂಗಳುಗಟ್ಟಲೆ ಸೆಣಸಬೇಕಾಗಿ ಬಂದದ್ದು ಹೊಸ ಸಂಗತಿ. ಅದರಿಂದ ತಿಳಿದು ಬಂದದ್ದು ಮೀನು ಸಾಕುವವರಿಗೆ ಮಾತ್ರವಲ್ಲ, ನೀರನ್ನು ಬಳಸುವ ಎಲ್ಲ ಗೃಹಸ್ಥರಿಗೂ ಉಪಯುಕ್ತವೆಂದು ತೋರಿದ್ದರಿಂದ ಈ ಲೇಖನವನ್ನು ಬರೆಯಲು ಮನಸ್ಸು ಮಾಡಿದ್ದೇನೆ.

ನನ್ನ ಮಗ ಮಂಗಳೂರಿನಲ್ಲಿ ಹನ್ನೊಂದು ವರ್ಷ ನೌಕರಿ ಮಾಡಿ, ೨೦೨೩ರಲ್ಲಿ ಹುಬ್ಬಳ್ಳಿಗೆ ವರ್ಗವಾಗಿ ಊರಿನ ಮನೆಗೆ ಬಂದು ನೆಲೆಸಿದನು. ಕಡಲ ತಡಿಯನ್ನು ಬಿಟ್ಟು ಬರಲು ಮೊಮ್ಮಗಳಿಗೆ ಮನಸ್ಸಿರಲಿಲ್ಲ. ಅವಳನ್ನು ಒಪ್ಪಿಸುವುದಕ್ಕಾಗಿ ಕೊಟ್ಟ ಮಾತಿನಂತೆ ಮಗನು ೨೦೦ ಲೀಟರ್ ಹಿಡಿಯುವ ಗಾಜಿನ ತೊಟ್ಟಿಯೊಂದನ್ನು ಪಡಸಾಲೆಯಲ್ಲಿ ಹೂಡಿದನು. ಅದರೊಳಗೆ ಬಂದವು ಕಿತ್ತಳೆ ಬಣ್ಣದ ಮೈಮೇಲೆ ಬಿಳಿಯ ಪಟ್ಟೆಗಳುಳ್ಳ ಎರಡು ಕ್ಲೌನ್ ಮೀನುಗಳು. ಈ ಮೀನುಗಳನ್ನು ಕಡಲಿನಿಂದ ಹಿಡಿದು ತರಬೇಕಾಗಿಲ್ಲ. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಇವನ್ನು ತೊಟ್ಟಿಗಳಲ್ಲಿಯೇ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದಲ್ಲಿ ರೂಢಿಸಿದ್ದಾರೆ. ಹವಳದ ಮಾತು ಬೇರೆ. ೨೦೦೧ರಲ್ಲಿ ಕಲ್ಲುಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ನಮ್ಮ ಕಡಲಿನಿಂದ ಅವನ್ನು ಕಿತ್ತು ತರುವುದು ಹುಲಿಯ ಬೇಟೆಯಂತೆಯೇ ಅಪರಾಧ. ಆದ್ದರಿಂದ ನಮ್ಮ ತೊಟ್ಟಿಯಲ್ಲಿ ಇದ್ದದ್ದು ಮೀನು, ಮರಳು ಮತ್ತು ಒಣಗಿದ ರಂಧ್ರಗಲ್ಲುಗಳು ಮಾತ್ರ.

ಮೀನಿಗೆ ಹಾಕುವ ಕಾಳಿನಲ್ಲಿ ಮತ್ಸ್ಯಾಂಶವಿರುತ್ತದೆ ಎಂಬುದು ನನ್ನ ಸಹಧರ್ಮಿಣಿಗೆ ತಿಳಿದಾಗ ಮನೆಯಲ್ಲಿ ಸ್ವಲ್ಪ ಇರಿಸುಮುರಿಸು ಆಯಿತು. ಎರಡು ದಿನ ವಿಚಾರ ಮಾಡಿ ಅವರು ತೀರ್ಪು ಕೊಟ್ಟರು: "ಅದರ ಕೂಳು ಅದಕ್ಕ ಬೇಕು. ಆದರ ಅಡಿಗಿಮನ್ಯಾಗ ಬ್ಯಾಡ, ಪಡಸಾಲ್ಯಾಗ ಇಡ್ರಿ." ಆ ಡಬ್ಬಿಗೆ ಅಂದಿನಿಂದ ಪಡಸಾಲೆಯ ಗೂಡೇ ಗತಿಯಾಯಿತು.

ಉಪ್ಪುನೀರನ್ನು ಸಿದ್ಧಪಡಿಸುವುದು ಅಡುಗೆಯ ಉಪ್ಪನ್ನು ಕದಡಿದಷ್ಟು ಸುಲಭವಲ್ಲ. ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣಗಳಿರುತ್ತವೆ. ಅದರಲ್ಲಿ ನಾವು ಉಣ್ಣುವ ಉಪ್ಪೇ ಹೆಚ್ಚಿನ ಪಾಲಾದರೂ ಮೆಗ್ನೀಸಿಯಮ್, ಕ್ಯಾಲ್ಸಿಯಮ್, ಪೊಟ್ಯಾಸಿಯಮ್ ಮೊದಲಾದವು ನಿಯತ ಪ್ರಮಾಣದಲ್ಲಿ ಬೆರೆತಿರುತ್ತವೆ. ಆ ಮಿಶ್ರಣವನ್ನು ಅಂಗಡಿಯಿಂದಲೇ ತರಬೇಕು. ನೀರು ಆವಿಯಾಗಿ ಹೋದರೂ ಉಪ್ಪು ಹೋಗದು. ಆದುದರಿಂದ ದಿನವೂ ತಗ್ಗಿದಷ್ಟು ನೀರನ್ನು ಸಿಹಿನೀರಿನಿಂದಲೇ ತುಂಬಬೇಕು. ಮೊದಲ ಆರು ತಿಂಗಳು ಈ ಸಿಹಿನೀರು ನಮ್ಮ ಹಿತ್ತಲಿನ ಕೊಳವೆಬಾವಿಯಿಂದ ಬರುತ್ತಿತ್ತು. ಮಗನಿಗೆ ತೊಟ್ಟಿಯನ್ನು ಮಾರಿದ ವ್ಯಾಪಾರಿಯು ಯಾವ ನೀರಾದರೂ ಆದೀತೆಂದು ಹೇಳಿದ್ದನಂತೆ. ಆ ಒಂದು ಮಾತಿನಲ್ಲಿಯೇ ಮುಂದಿನ ಕಷ್ಟದ ಬೀಜವಿತ್ತು.

ನವೆಂಬರ್ ತಿಂಗಳಲ್ಲಿ ಮರಳಿನ ಮೇಲೆ ಕಂದು ಬಣ್ಣದ ಧೂಳಿನಂಥ ಪದರವೊಂದು ಕಾಣಿಸಿಕೊಂಡಿತು. ಇದು ಡಯಾಟಂ ಎಂಬ ಸೂಕ್ಷ್ಮ ಸಸ್ಯಕುಲ. ನೀರಿನಲ್ಲಿಯ ಸಿಲಿಕಾ ಅಂಶದಿಂದ ತನ್ನ ಕವಚವನ್ನು ಕಟ್ಟಿಕೊಳ್ಳುತ್ತದೆ. ಹೊಸ ತೊಟ್ಟಿಗಳಲ್ಲಿ ಬಂದು ಕೆಲವು ವಾರಗಳಲ್ಲಿ ತಾನಾಗಿಯೇ ಹೋಗುವುದು ಅದರ ಸ್ವಭಾವ. ಅದು ಹೋಯಿತು. ಸಂಕ್ರಾಂತಿಯ ಹೊತ್ತಿಗೆ ಕಲ್ಲುಗಳ ಮೇಲೆಲ್ಲ ಹಸಿರು ಕೂದಲಿನಂಥ ಹಾವಸೆ ಬೆಳೆದು ನಿಂತಿತು. ಫೆಬ್ರವರಿಯಲ್ಲಿ ನೀರಿನ ಓಟ ಕಡಿಮೆಯಿದ್ದ ಮೂಲೆಗಳಲ್ಲಿ ಕೆಂಪು ಲೋಳೆ ಹಬ್ಬಿತು. ಈ ಲೋಳೆಯನ್ನು ಜನ ಪಾಚಿಯೆಂದೇ ಕರೆದರೂ ಅದು ನಿಜವಾಗಿ ಪಾಚಿಯಲ್ಲ. ಬೆಳಕಿನಿಂದ ಆಹಾರವನ್ನು ಮಾಡಿಕೊಳ್ಳಬಲ್ಲ ಬ್ಯಾಕ್ಟೀರಿಯಾ. ಇದರ ಪೂರ್ವಜರೇ ಸುಮಾರು ೨೪೦ ಕೋಟಿ ವರ್ಷಗಳ ಹಿಂದೆ ಭೂಮಿಯ ಗಾಳಿಗೆ ಪ್ರಾಣವಾಯುವನ್ನು ತುಂಬಿದವು ಎಂಬುದನ್ನು ಓದಿದಾಗ, ನಾವು ಅಸಹ್ಯಪಡುತ್ತಿರುವ ವಸ್ತುವಿನ ಋಣದಲ್ಲಿಯೇ ನಾವು ಉಸಿರಾಡುತ್ತಿದ್ದೇವೆಂಬ ವಿಚಾರ ನನ್ನನ್ನು ಬೆರಗುಗೊಳಿಸಿತು.

ಬೆರಗು ಬೇರೆ, ಮನೆಯ ತೊಂದರೆ ಬೇರೆ. ಮೀನುಗಳು ಮುಂಜಾನೆ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆಯತೊಡಗಿದವು. ಹಾವಸೆಯು ಹಗಲು ಪ್ರಾಣವಾಯುವನ್ನು ಬಿಡುತ್ತದೆ, ಇರುಳು ತಾನೇ ಅದನ್ನು ಸೇವಿಸುತ್ತದೆ. ಆದುದರಿಂದ ನಸುಕಿನ ಹೊತ್ತು ಮೀನಿಗೆ ಅತ್ಯಂತ ಕಠಿಣವಾದುದು. ಮೊಮ್ಮಗಳು ಶಾಲೆಗೆ ಹೋಗುವ ಮೊದಲು ಬಂದು, "ಅಜ್ಜಾ, ಇವು ಸಾಯ್ತಾವೇನು?" ಎಂದು ಕೇಳಿದಳು. ಮಗನು ತೊಟ್ಟಿಯನ್ನೇ ತೆಗೆದುಬಿಡುವ ವಿಚಾರಕ್ಕೆ ಬಂದಿದ್ದನು. ವ್ಯಾಪಾರಿಯು ಫೋನಿನಲ್ಲಿ, ಹಾವಸೆಯನ್ನು ಮೂರು ದಿನದಲ್ಲಿ ಕೊಲ್ಲುವ ತಾಮ್ರದ ದ್ರಾವಣವನ್ನು ಸುರಿಯಲು ಸೂಚಿಸಿದನು. ನೆರೆಯವರೊಬ್ಬರು, ಊರ ಕೆರೆಗೆ ಬಿಟ್ಟರೆ ಪುಣ್ಯ ಬಂದೀತೆಂದರು.

ಕೆರೆಗೆ ಬಿಡುವುದೆಂದರೆ ಕೊಲ್ಲುವುದೇ ಸರಿ. ಉಪ್ಪುನೀರಿನ ಜೀವ ಸಿಹಿನೀರಿನಲ್ಲಿ ಬದುಕಲಾರದು. ಅಂಕೋಲೆಗೆ ಒಯ್ದು ಕಡಲಿಗೆ ಬಿಡುವುದೂ ಧರ್ಮವಲ್ಲ. ತೊಟ್ಟಿಯ ಜೀವಿಯು ತೊಟ್ಟಿಯ ರೋಗವನ್ನೂ ಕಳೆಯನ್ನೂ ತನ್ನೊಡನೆ ಒಯ್ಯುತ್ತದೆ. ಮೆಡಿಟರೇನಿಯನ್ ಸಮುದ್ರದಲ್ಲಿ ಮೊನಾಕೋ ನಗರದ ಕಡಲ ವಸ್ತುಸಂಗ್ರಹಾಲಯದ ಕೆಳಗೆ ೧೯೮೪ರಲ್ಲಿ ಕಂಡುಬಂದ ಕಾಲರ್ಪಾ ಎಂಬ ಅಲಂಕಾರದ ಕಡಲಸಸ್ಯದ ಸಣ್ಣದೊಂದು ತೇಪೆ, ಮುಂದೆ ಸಾವಿರಾರು ಹೆಕ್ಟೇರ್ ಕಡಲತಳವನ್ನು ಆವರಿಸಿ ಅಲ್ಲಿಯ ಮೂಲಸಸ್ಯಗಳಿಗೆ ಕುತ್ತು ತಂದಿತು. ಹೀಗೆ, ಈ ಎರಡು ಮೀನುಗಳಿಗೆ ನಮ್ಮ ಪಡಸಾಲೆಯನ್ನು ಬಿಟ್ಟು ಹೋಗುವ ದಾರಿಯೇ ಇರಲಿಲ್ಲ. ಕ್ಲೌನ್ ಮೀನು ಒಳ್ಳೆಯ ಆರೈಕೆಯಲ್ಲಿ ಹತ್ತು ವರ್ಷಗಳಿಗೂ ಮಿಕ್ಕು ಬಾಳುತ್ತದೆ. ನನ್ನ ಸಹಧರ್ಮಿಣಿ ಹೇಳಿದ ಮಾತೇ ಕಡೆಯ ಮಾತಾಯಿತು: "ತಂದ ಮ್ಯಾಲ ಸಲುಹಬೇಕು. ಸಲುಹಾಕ ಆಗೂದಿಲ್ಲಂದ್ರ ತರಬಾರದಿತ್ತು. ಈಗ ತಂದೇವಿ."

ಬಾಲ್ಯದಲ್ಲಿ ನಾನು ಮಠದ ಪಾಠಶಾಲೆಯಲ್ಲಿ ಓದಿದವನು. ವ್ಯಾಕರಣ, ಕಾವ್ಯ, ಶಾಸ್ತ್ರ ಇವು ನನ್ನ ಅಭ್ಯಾಸದ ವಿಷಯಗಳೇ ಹೊರತು ಜೀವರಸಾಯನವಲ್ಲ. ಆದರೆ ಯಾವುದೇ ಕಾರ್ಯವನ್ನು ಕಂಡಾಗ ಅದರ ಕಾರಣವನ್ನು ಹುಡುಕಬೇಕು, ಕಾರಣ ಉಳಿದರೆ ಕಾರ್ಯ ಮರಳಿ ಬರುತ್ತದೆ ಎಂಬುದನ್ನು ಅಲ್ಲಿಯ ಗುರುಗಳು ನಮಗೆ ಚಿಕ್ಕಂದಿನಲ್ಲಿಯೇ ಮನಗಾಣಿಸಿದ್ದರು. ಹಾವಸೆಯು ಕಾರ್ಯ, ಕಾರಣ ಯಾವುದು? ಮೊಮ್ಮಗಳನ್ನು ಜೊತೆಗೆ ಕೂಡಿಸಿಕೊಂಡು ಪುಸ್ತಕಗಳನ್ನು ತರಿಸಿ ಓದತೊಡಗಿದೆನು.

ಮೀನು ಉಂಡದ್ದು, ಉಳಿಸಿದ್ದು, ವಿಸರ್ಜಿಸಿದ್ದು ಎಲ್ಲವೂ ನೀರಿನಲ್ಲಿಯೇ ಕೊಳೆತು ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಕಲ್ಲು, ಮರಳುಗಳ ರಂಧ್ರಗಳಲ್ಲಿ ನೆಲೆಸುವ ಒಂದು ಬಗೆಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಎಂಬ ಇನ್ನೊಂದು ವಿಷವಾಗಿಸುತ್ತವೆ. ಮತ್ತೊಂದು ಬಗೆಯವು ಆ ನೈಟ್ರೈಟನ್ನು ಬಹಳಮಟ್ಟಿಗೆ ನಿರಪಾಯವಾದ ನೈಟ್ರೇಟ್ ಆಗಿಸುತ್ತವೆ. ಹೊಲದ ಮಣ್ಣಿನಲ್ಲಿಯೂ ನಡೆಯುವ ಈ ಕ್ರಿಯೆಯ ಕರ್ತೃಗಳನ್ನು ರಷ್ಯಾದ ವಿಜ್ಞಾನಿ ವಿನೊಗ್ರಾಡ್‌ಸ್ಕಿ ೧೮೯೦ರ ಸುಮಾರಿಗೆ ಬೇರ್ಪಡಿಸಿ ತೋರಿಸಿದರು. ಹೊಸ ತೊಟ್ಟಿಯಲ್ಲಿ ಇವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಆದರೆ ಕೆಲಸ ನೈಟ್ರೇಟಿಗೆ ಮುಗಿಯದು. ನೈಟ್ರೇಟ್ ಮತ್ತು ಆಹಾರದಿಂದ ಬರುವ ಫಾಸ್ಫೇಟ್, ಇವೆರಡೂ ಸಸ್ಯಕ್ಕೆ ಗೊಬ್ಬರಗಳೇ. ನಾವು ಚೀಲ ಬಿಚ್ಚಿ ಸುರಿದ ಗೊಬ್ಬರವಲ್ಲವಾದರೂ, ತೊಟ್ಟಿಯು ಗೊಬ್ಬರ ಹಾಕಿದ ಹೊಲವಾಗಿತ್ತು. ಬೆಳೆ ಬರದೆ ಹೋದೀತೆ?

ಇಲ್ಲಿ ಸೋಸುವಿಕೆಯ ನಿಜವಾದ ಅರ್ಥವನ್ನು ತಿಳಿಯಬೇಕಾಯಿತು. ನನ್ನ ಸಹಧರ್ಮಿಣಿಯ ತವರು ನವಲಗುಂದದ ಕಡೆಯದು. ಆ ಕರಿಮಣ್ಣಿನ ಸೀಮೆಯಲ್ಲಿ ಬಾವಿಯ ನೀರು ಸವಳು. ಮಳೆಯಿಂದ ತುಂಬಿದ ಕೆರೆಯ ನೀರೇ ಕುಡಿಯುವ ನೀರು. ಕೊಡದ ಬಾಯಿಗೆ ಎರಡು ಮಡಿಕೆಯ ಅರಿವೆ ಕಟ್ಟಿ ಸೋಸುವುದನ್ನು ಅವರು ಚಿಕ್ಕಂದಿನಿಂದಲೂ ಬಲ್ಲರು. ತೊಟ್ಟಿಯ ಸೋಸುಚೀಲವನ್ನು ಹದಿನೈದು ದಿನಕ್ಕೊಮ್ಮೆ ತೊಳೆಯುತ್ತಿದ್ದುದನ್ನು ನೋಡಿ ಅವರು, "ಅರಿವ್ಯಾಗ ನಿಂತ ರಾಡಿ ನೀರಾಗ ಇದ್ದಂಗ. ಹೊರಗ ಚೆಲ್ಲಿದ್ರ ಮಾತ್ರ ಹೋದಂಗ" ಎಂದರು. ನಾನು ಓದಿದ ಪುಸ್ತಕಗಳ ಸಾರವೆಲ್ಲ ಈ ಎರಡು ವಾಕ್ಯಗಳಲ್ಲಿತ್ತು. ಚೀಲದಲ್ಲಿ ಸಿಕ್ಕಿದ ಕೊಳೆಯ ಮೇಲೆ ನೀರು ಹಾಯುತ್ತಲೇ ಇರುವುದರಿಂದ ಅದು ಅಲ್ಲಿಯೇ ಕೊಳೆತು ನೀರಿಗೆ ಮರಳುತ್ತದೆ. ಆದ್ದರಿಂದ ಚೀಲವನ್ನು ಎರಡು ಮೂರು ದಿನಕ್ಕೊಮ್ಮೆ ತೊಳೆಯಲೇಬೇಕು. ಬ್ಯಾಕ್ಟೀರಿಯಾ ನೆಲೆಸಿದ ಕಲ್ಲುಗಳ ವಿಷಯ ಇದಕ್ಕೆ ವಿರುದ್ಧವಾದುದು. ಅವನ್ನು ನಲ್ಲಿಯ ನೀರಿನಿಂದ ತಿಕ್ಕಿ ತೊಳೆದರೆ ಸೋಸುವ ಜೀವಗಳೇ ಸತ್ತುಹೋಗುತ್ತವೆ. ಲಂಡನ್ನಿನ ಚೆಲ್ಸಿಯಲ್ಲಿ ೧೮೨೯ರಲ್ಲಿ ಜೇಮ್ಸ್ ಸಿಂಪ್ಸನ್ ಕಟ್ಟಿದ ಮರಳಿನ ಶೋಧಕವು ನಗರಕ್ಕೆ ತಿಳಿನೀರನ್ನು ಕೊಟ್ಟಿತು. ಆ ಬಗೆಯ ಶೋಧಕಗಳಲ್ಲಿ ಹೆಚ್ಚಿನ ಕೆಲಸ ಮಾಡುವುದು ಮರಳಲ್ಲ, ಮರಳಿನ ಮೇಲೆ ಬೆಳೆಯುವ ಜೀವಂತ ಪದರ ಎಂಬುದು ಆಮೇಲೆ ತಿಳಿದ ಸಂಗತಿ.

ಮೂರನೆಯ ಸಾಧನ ನೊರೆಯ ಯಂತ್ರ. ಅದರೊಳಗೆ ಸಣ್ಣ ಗುಳ್ಳೆಗಳು ಏಳುವಾಗ ನೀರಿನಲ್ಲಿ ಕರಗಿದ ಕೊಳೆಯು ಗುಳ್ಳೆಗಳ ಮೈಗೆ ಅಂಟಿ ಮೇಲೆ ಬಂದು ಬಟ್ಟಲಿನಲ್ಲಿ ಕೂಡುತ್ತದೆ. ಬೆಲ್ಲ ಮಾಡುವಾಗ ಕುದಿಯುವ ಕಬ್ಬಿನ ಹಾಲಿನ ಮೇಲೆ ಬರುವ ಕೊಳೆನೊರೆಯನ್ನು ತೆಗೆಯುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಸಿಹಿನೀರಿನಲ್ಲಿ ಈ ಯಂತ್ರ ಸರಿಯಾಗಿ ನಡೆಯದು. ಉಪ್ಪುನೀರಿನಲ್ಲಿ ಮಾತ್ರ ಗುಳ್ಳೆಗಳು ಅಷ್ಟು ಸಣ್ಣವಾಗಿ, ಹೆಚ್ಚು ಹೊತ್ತು ನಿಲ್ಲುತ್ತವೆ. ಇದರ ಹೆಚ್ಚುಗಾರಿಕೆಯೆಂದರೆ, ಕೊಳೆಯು ಕೊಳೆತು ಗೊಬ್ಬರವಾಗುವ ಮೊದಲೇ ಅದನ್ನು ಹೊರಗೆ ಹಾಕುವುದು.

ಇನ್ನು ಕೊಲ್ಲುವ ಔಷಧದ ವಿಚಾರ. ತಾಮ್ರವು ಹಾವಸೆಯನ್ನು ಕೊಲ್ಲುವುದು ನಿಜ. ಶಂಖದ ಹುಳು, ಏಡಿ ಮೊದಲಾದ ಜೀವಿಗಳನ್ನೂ ಕೊಲ್ಲುತ್ತದೆ, ಕಲ್ಲಿನೊಳಗೆ ಇಳಿದು ಬಹುಕಾಲ ಉಳಿಯುತ್ತದೆ. ಕೆಂಪು ಲೋಳೆಗೆ ಹಾಕುವ ಪ್ರತಿಜೀವಕವು ಸೋಸುವ ಬ್ಯಾಕ್ಟೀರಿಯಾಗಳನ್ನೂ ಬಿಡಲಿಕ್ಕಿಲ್ಲ. ಅದಕ್ಕಿಂತ ಮುಖ್ಯವಾಗಿ, ಸತ್ತ ಹಾವಸೆಯು ನೀರಿನಲ್ಲಿಯೇ ಕೊಳೆತು, ತಾನು ಹೀರಿದ್ದ ಗೊಬ್ಬರವನ್ನೆಲ್ಲ ಮರಳಿ ನೀರಿಗೇ ಬಿಡುತ್ತದೆ. ಕೊಳೆಯುವಾಗ ಪ್ರಾಣವಾಯುವನ್ನೂ ನುಂಗುತ್ತದೆ. ನಮ್ಮ ಮೀನುಗಳು ಅದಾಗಲೇ ಉಸಿರಿಗೆ ಕಷ್ಟಪಡುತ್ತಿದ್ದವು. ಕೊಂದರೆ ಹಾವಸೆಯೊಡನೆ ಅವೂ ಹೋಗುತ್ತಿದ್ದವು. ಔಷಧವನ್ನು ತರಿಸಲಿಲ್ಲ.

ಇದೇ ತೊಡಕನ್ನು ನೂರೆಪ್ಪತ್ತು ವರ್ಷಗಳಿಗೂ ಹಿಂದೆ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎದುರಿಸಿದ್ದರು. ಗಾಜಿನ ಪಾತ್ರೆಯಲ್ಲಿ ಎರಡು ಚಿನ್ನದ ಮೀನುಗಳನ್ನೂ ನೀರುಗಿಡವನ್ನೂ ಕೂಡಿ ಇಟ್ಟು, ಒಂದರ ಉಸಿರು ಇನ್ನೊಂದಕ್ಕೆ ಆಧಾರವಾಗುವುದನ್ನು ಪರೀಕ್ಷಿಸುತ್ತಿದ್ದರು. ಗಿಡದ ಎಲೆಗಳು ಕೊಳೆತು, ಗಾಜಿಗೆ ಹಸಿರು ಲೋಳೆ ಕಟ್ಟಿ ನೀರು ಕೆಟ್ಟಿತು. ಅವರು ಐದಾರು ಕೆರೆಯ ಶಂಖದ ಹುಳುಗಳನ್ನು ತಂದು ಬಿಟ್ಟರು. ಅವು ಕೊಳೆತ ಎಲೆಯನ್ನೂ ಲೋಳೆಯನ್ನೂ ತಿಂದವು, ನೀರು ತಿಳಿಯಾಯಿತು. ೧೮೫೦ರಲ್ಲಿ ಈ ವಿಚಾರವನ್ನು ಅವರು ಅಲ್ಲಿಯ ರಸಾಯನಶಾಸ್ತ್ರ ಸಂಘಕ್ಕೆ ತಿಳಿಸಿದರು. ಮೂರು ವರ್ಷಗಳ ತರುವಾಯ, ೧೮೫೩ರಲ್ಲಿ, ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಾಲಯ ತೆರೆಯಿತು.

೨೦೨೪ರ ಮಾರ್ಚ್ ತಿಂಗಳಿನಿಂದ ನಾವು ಕೈಕೊಂಡ ಕ್ರಮಗಳನ್ನು ಇಲ್ಲಿ ಅನುಕ್ರಮವಾಗಿ ಹೇಳುತ್ತೇನೆ. ಮೊದಲನೆಯದಾಗಿ, ವಾರಕ್ಕೊಮ್ಮೆ ಕಲ್ಲುಗಳನ್ನು ಒಂದೊಂದಾಗಿ ತೊಟ್ಟಿಯ ಉಪ್ಪುನೀರು ತುಂಬಿದ ಬಕೀಟಿನಲ್ಲಿ ಇಟ್ಟು, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಹಾವಸೆಯನ್ನು ಕಿತ್ತು ಹೊರಗೆ ಚೆಲ್ಲಿದೆವು. ಕಿತ್ತ ಹಾವಸೆಯೆಂದರೆ ಹೊರಗೆ ಹಾಕಿದ ಗೊಬ್ಬರವೇ ಸರಿ. ಎರಡನೆಯದಾಗಿ, ಹನ್ನೆರಡು ತಾಸು ಉರಿಯುತ್ತಿದ್ದ ದೀಪವನ್ನು ಏಳು ತಾಸಿಗೆ ಇಳಿಸಿದೆವು. ಮೂರನೆಯದಾಗಿ, ಆಹಾರವನ್ನು ದಿನಕ್ಕೆ ಒಮ್ಮೆ, ಎರಡು ನಿಮಿಷದಲ್ಲಿ ಮುಗಿಯುವಷ್ಟು ಮಾತ್ರ ಹಾಕಿದೆವು. ನಾಲ್ಕನೆಯದಾಗಿ, ವಾರಕ್ಕೆ ೨೦ ಲೀಟರ್ ನೀರನ್ನು, ಅಂದರೆ ಹತ್ತನೆಯ ಒಂದು ಪಾಲನ್ನು, ತೆಗೆದು ಹೊಸ ಉಪ್ಪುನೀರನ್ನು ತುಂಬಿದೆವು.

ಐದನೆಯದು ಆ ಹೊಸ ನೀರಿನ ಮೂಲ. ಪರೀಕ್ಷೆಯ ಪುಡಿಯನ್ನು ತರಿಸಿ ಕೊಳವೆಬಾವಿಯ ನೀರನ್ನು ನೋಡಿದಾಗ ಅದರಲ್ಲಿಯೇ ನೈಟ್ರೇಟ್ ಧಾರಾಳವಾಗಿತ್ತು. ತುಂಬುವ ನೀರೇ ಗೊಬ್ಬರದ ನೀರಾಗಿದ್ದರೆ ಬದಲಿಸಿ ಏನು ಫಲ? ನಗರದವರು ಆರ್.ಓ. ಯಂತ್ರದ ನೀರನ್ನು ಬಳಸುತ್ತಾರೆ. ನಾವು ಬೇಸಿಗೆಯಲ್ಲಿ ಅದನ್ನೇ ಬಳಸಿ, ಮುಂಗಾರು ಬಂದ ಮೇಲೆ ಮಳೆನೀರಿಗೆ ತಿರುಗಿದೆವು. ಮೊದಲ ಎರಡು ಮಳೆಗಳನ್ನು ಬಿಟ್ಟು, ಅಂಗಳದಲ್ಲಿ ತೊಳೆದ ಪ್ಲಾಸ್ಟಿಕ್ ಹಾಳೆಯನ್ನು ಕಟ್ಟಿ, ಮುಚ್ಚಳದ ಪೀಪಾಯಿಯಲ್ಲಿ ಕೂಡಿಟ್ಟೆವು. ತಗಡಿನ ಮಾಡಿನಿಂದ ಇಳಿದ ನೀರಿನಲ್ಲಿ ಸತುವಿನ ಅಂಶ ಬರುವುದರಿಂದ ಅದನ್ನು ಬಿಟ್ಟೆವು. ನಮ್ಮ ಮನೆಗಳಲ್ಲಿ ತಾಮ್ರದ ಕೊಡ ಶ್ರೇಷ್ಠ. ಆದರೆ ಶಂಖದ ಹುಳುವಿಗೆ ತಾಮ್ರ ವಿಷವಾದುದರಿಂದ ತೊಟ್ಟಿಯ ನೀರಿಗೆ ಅದನ್ನು ಮುಟ್ಟಿಸಲಿಲ್ಲ.

ಆರನೆಯದು ವಾರಿಂಗ್ಟನ್ ತೋರಿದ ದಾರಿ. ಟರ್ಬೋ ಎಂಬ ಜಾತಿಯ ಆರು ಶಂಖದ ಹುಳುಗಳನ್ನು ತರಿಸಿದೆವು. ಎರಡು ದಾರಿಯಲ್ಲಿಯೇ ಸತ್ತವು. ನಾಲ್ಕು ಉಳಿದು, ಬ್ರಷ್ಷು ಮುಟ್ಟದ ಸಂದುಗಳನ್ನೆಲ್ಲ ಮೇದವು. ಏಳನೆಯದು ಎಲ್ಲಕ್ಕಿಂತ ಉಪಕಾರಿಯಾಯಿತು. ತೊಟ್ಟಿಯ ಕೆಳಗಿನ ಸೋಸುಕೋಣೆಯಲ್ಲಿ ಬೇರೆ ದೀಪವಿಟ್ಟು, ಹಸಿರು ನೂಲಿನ ಉಂಡೆಯಂಥ ಕೀಟೊಮಾರ್ಫಾ ಎಂಬ ಕಡಲಸಸ್ಯವನ್ನು ಬೆಳೆಸಿದೆವು. ಮೇಲೆ ಬೆಳೆಯಬೇಕಾದ ಹಾವಸೆಯ ಊಟವನ್ನು ಅದು ಕೆಳಗೇ ಉಂಡುಬಿಡುತ್ತದೆ. ಹದಿನೈದು ದಿನಕ್ಕೊಮ್ಮೆ ಅದರಲ್ಲಿ ಅರ್ಧವನ್ನು ಕತ್ತರಿಸಿ ತೆಗೆದರೆ ಅಷ್ಟು ಗೊಬ್ಬರ ಹೊರಗೆ ಹೋದಂತೆ.

ಒಂದು ಸೂಕ್ಷ್ಮವನ್ನು ಇಲ್ಲಿ ಹೇಳಬೇಕು. ಹಾವಸೆ ಹುಲುಸಾಗಿದ್ದಾಗ ಪರೀಕ್ಷಿಸಿದರೆ ನೀರಿನಲ್ಲಿ ಫಾಸ್ಫೇಟ್ ಇಲ್ಲವೆಂದೇ ತೋರುವುದುಂಟು. ಅದು ಇಲ್ಲವೆಂದಲ್ಲ, ಹಾವಸೆಯ ಹೊಟ್ಟೆಯಲ್ಲಿದೆ ಎಂದರ್ಥ. ಹಾಗೆಯೇ ಈ ಗೊಬ್ಬರಗಳನ್ನು ಸೊನ್ನೆಗೆ ಇಳಿಸಹೊರಡುವುದೂ ಸಲ್ಲದು. ಹಾಗೆ ಮಾಡಿದವರ ತೊಟ್ಟಿಗಳಲ್ಲಿ ಡೈನೋಫ್ಲಾಜೆಲೇಟ್ ಎಂಬ, ಇನ್ನೂ ಕಠಿಣವಾದ ಕಂದು ಲೋಳೆ ಹುಟ್ಟುವುದುಂಟು. ಮಿತವೇ ಇಲ್ಲಿಯ ಮಂತ್ರ.

ಜುಲೈ ತಿಂಗಳಲ್ಲಿ ದೊಡ್ಡ ಪರೀಕ್ಷೆ ಎದುರಾಯಿತು. ಗಾಳಿಮಳೆಗೆ ಮರ ಬಿದ್ದು ಇಡೀ ಒಂದು ಹಗಲು, ಒಂದು ಇರುಳು ವಿದ್ಯುತ್ತು ಇರಲಿಲ್ಲ. ನೀರಿನ ಓಟ ನಿಂತರೆ ಮೀನಿಗೂ ಉಸಿರಿಲ್ಲ, ಸೋಸುವ ಬ್ಯಾಕ್ಟೀರಿಯಾಗಳಿಗೂ ಉಸಿರಿಲ್ಲ. ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪೊಂದನ್ನು ಮಗನು ಮೊದಲೇ ತಂದಿಟ್ಟಿದ್ದನು. ಮಧ್ಯರಾತ್ರಿಗೆ ಅದೂ ಮುಗಿಯಿತು. ಅಲ್ಲಿಂದ ನಸುಕಿನವರೆಗೆ ಮಗ, ಸೊಸೆ, ಮೊಮ್ಮಗಳು, ನಾನು ಸರದಿಯಂತೆ ಕುಳಿತು ಚೆಂಬಿನಿಂದ ನೀರನ್ನು ಎತ್ತಿ ಎತ್ತಿ ಹೊಯ್ದೆವು. ಚೆಂಬು ಸ್ಟೀಲಿನದೇ ಎಂದು ನನ್ನ ಸಹಧರ್ಮಿಣಿ ಲಾಂದರು ಹಿಡಿದು ನೋಡಿದರು. ಬೆಳಗಾದಾಗ ಎರಡೂ ಮೀನುಗಳು ಇದ್ದವು.

ದೀಪಾವಳಿಯ ವೇಳೆಗೆ ಕಲ್ಲುಗಳ ಮೇಲೆ ನೇರಳೆ ಬಣ್ಣದ ಸುಣ್ಣದ ಪಾಚಿ ಮೂಡಿತು. ಇದು ಒಳ್ಳೆಯ ಪಾಚಿ, ಸಮತೋಲದ ಗುರುತು. ಹಸಿರು ಕೂದಲು ಅಲ್ಲಲ್ಲಿ ಎಳೆಯಷ್ಟು ಉಳಿದಿದೆ, ಉಳಿಯಲಿ. ಶಂಖದ ಹುಳುಗಳಿಗೆ ಮೇವು ಬೇಕಲ್ಲ. ಮೇವು ಸಾಲದಾದಾಗ ಒಣಗಿಸಿದ ಕಡಲಸೊಪ್ಪಿನ ಹಾಳೆಯನ್ನು ಕಲ್ಲಿಗೆ ಕಟ್ಟಿ ಕೊಡುತ್ತೇವೆ. ಕೆಲಸ ಮುಗಿಯಿತೆಂದು ಅವನ್ನು ಉಪವಾಸ ಕೆಡಹುವುದು ನ್ಯಾಯವಲ್ಲ.

೨೦೨೫ರ ಜೂನ್ ತಿಂಗಳಲ್ಲಿ ಮೊಮ್ಮಗಳು ಕಾಲೇಜು ಓದಲು ಧಾರವಾಡಕ್ಕೆ ಹೋದಳು. ಹೋಗುವ ಮುನ್ನ ದಿನದ ಕೆಲಸ, ವಾರದ ಕೆಲಸ, ಹದಿನೈದು ದಿನದ ಕೆಲಸ ಎಂದು ಮೂರು ಭಾಗ ಮಾಡಿ ಪಟ್ಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದಳು. ಹೊಸ ಮೀನನ್ನು ತರುವುದಿಲ್ಲವೆಂದೂ, ಇರುವ ಜೀವಗಳನ್ನು ಅವುಗಳ ಆಯುಷ್ಯ ಇರುವವರೆಗೆ ಸಲುಹುವುದೆಂದೂ ಮನೆಯವರೆಲ್ಲ ಕೂಡಿ ನಿಶ್ಚಯಿಸಿದ್ದೇವೆ. ನನ್ನ ವಯಸ್ಸನ್ನೂ ಮೀನಿನ ಆಯುಷ್ಯವನ್ನೂ ಕೂಡಿಸಿ ಲೆಕ್ಕ ಹಾಕಿ, ನನ್ನ ನಂತರ ಈ ಕೆಲಸ ಯಾರದು ಎಂಬುದನ್ನೂ ಆ ದಿನವೇ ಗೊತ್ತುಮಾಡಿದೆವು. ಸೊಸೆಯು ಒಪ್ಪಿಕೊಂಡಿದ್ದಾಳೆ.

ಮನೆಯ ತೊಟ್ಟಿಯಲ್ಲಿ ಕಂಡ ನಿಯಮವೇ ಊರ ಕೆರೆಗೂ ಅನ್ವಯಿಸುತ್ತದೆ. ಕೆನಡಾ ದೇಶದ ವಿಜ್ಞಾನಿಗಳು ೧೯೭೩ರಲ್ಲಿ ಒಂದು ಸರೋವರವನ್ನು ಪರದೆಯಿಂದ ಎರಡು ಭಾಗ ಮಾಡಿ, ಎರಡಕ್ಕೂ ಇಂಗಾಲ ಮತ್ತು ಸಾರಜನಕವನ್ನು ಹಾಕಿ, ಒಂದಕ್ಕೆ ಮಾತ್ರ ರಂಜಕವನ್ನು ಸೇರಿಸಿದರು. ರಂಜಕ ಬಿದ್ದ ಭಾಗ ಹಸಿರಾಯಿತು, ಇನ್ನೊಂದು ತಿಳಿಯಾಗಿಯೇ ಉಳಿಯಿತು. ಹೊಲದಿಂದ ಹರಿದು ಬರುವ ಗೊಬ್ಬರ, ಬಟ್ಟೆ ಒಗೆಯುವ ಪುಡಿ, ಗಟಾರದ ನೀರು ಇವುಗಳಿಂದ ಕೆರೆಗೆ ಸೇರುವುದೂ ಇದೇ. ಮೇಲಿನ ಹಸಿರನ್ನು ವರ್ಷಕ್ಕೊಮ್ಮೆ ಎಳೆದು ದಂಡೆಯ ಮೇಲೆ ಒಟ್ಟಿದರೆ ಮೊದಲ ಮಳೆಗೆ ಅದು ಕೆರೆಗೇ ಮರಳುತ್ತದೆ; ಅರಿವೆಯಲ್ಲಿ ನಿಂತ ರಾಡಿಯಂತೆ. ಎಳೆದದ್ದನ್ನು ದೂರದ ತಿಪ್ಪೆಗೆ ಸಾಗಿಸಬೇಕು, ಕೆರೆಯ ಅಂಚಿನ ಹೊಲಗಳವರು ಬದುವಿನ ಮೇಲೆ ಹುಲ್ಲಿನ ಪಟ್ಟಿಯನ್ನು ಬಿಡಬೇಕು, ಗಟಾರವನ್ನು ತಿರುಗಿಸಬೇಕು. ಇವು ದೊಡ್ಡ ಹಣದ ಕೆಲಸಗಳಲ್ಲ. ನಿತ್ಯದ ಎಚ್ಚರದ ಕೆಲಸಗಳು.

ಮಕ್ಕಳು ಬಣ್ಣದ ಮೀನನ್ನು ಬೇಡಿದಾಗ ತಂದೆತಾಯಂದಿರು ಮೊದಲು ಕೇಳಿಕೊಳ್ಳಬೇಕಾದದ್ದು ಬೆಲೆಯನ್ನಲ್ಲ, ಆಯುಷ್ಯವನ್ನು. ಹತ್ತು ವರ್ಷ ಪ್ರತಿದಿನ ಕಾಲು ತಾಸು, ಪ್ರತಿವಾರ ಒಂದು ಬಕೀಟು ನೀರು, ಕತ್ತಲ ರಾತ್ರಿಯಲ್ಲಿ ಒಂದು ಚೆಂಬು ಹಿಡಿಯುವ ಕೈ ಇವು ಮನೆಯಲ್ಲಿ ಇದ್ದರೆ ತರಬಹುದು. ಇಲ್ಲವಾದರೆ, ಕಾರವಾರದ ಕಡಲ ದಂಡೆಗೆ ಒಮ್ಮೆ ಕರೆದುಕೊಂಡು ಹೋಗಿ ತೋರಿಸಿಕೊಂಡು ಬರುವುದು ಮಕ್ಕಳಿಗೂ ಮೀನಿಗೂ ಹಿತ.